ತುಂಬೆಯ ನೀರು, ಮಂದಾರದ ಕಸ, ನಡುವೆ ಒಂದು ತರಗತಿ

ಪದವಿಯ ಮೊದಲ ವರ್ಷಕ್ಕೆ ಸೇರಿದವರ ಕೈಗೆ ಖಾಲಿ ಹಾಳೆ ಕೊಟ್ಟು, ಮೊಬೈಲ್ ನೋಡದೆ ಮಂಗಳೂರಿನ ನಕ್ಷೆ ಬರೆಯಿರಿ ಎಂದು ಹೇಳುತ್ತೇನೆ. ಕೋಲಾರ, ದಾವಣಗೆರೆ, ಕಲಬುರಗಿಯಿಂದ ಬಂದವರ ಹಾಳೆಯಲ್ಲಿ ಮೂರು ಚುಕ್ಕಿಗಳಿರುತ್ತವೆ: ಹಾಸ್ಟೆಲ್, ಮಾಲ್, ಪಣಂಬೂರು ಬೀಚ್. ಬಂದು ತಿಂಗಳಾಗದವರಿಂದ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ಆದರೆ ಇಲ್ಲೇ ಹುಟ್ಟಿ ಬೆಳೆದವರ ಹಾಳೆಗಳನ್ನು ನೋಡಬೇಕು. ಕಾವೂರಿನ ಹುಡುಗನ ನಕ್ಷೆಯಲ್ಲಿ ಕಾವೂರಿನಿಂದ ಕಾಲೇಜಿನವರೆಗೆ ಒಂದೇ ಗೆರೆ, ಅದರ ಆಚೀಚೆ ಬರೀ ಬಿಳಿ. ಸಮುದ್ರ ಯಾವ ಕಡೆಗಿದೆ, ಬಾಣ ಹಾಕಿ ತೋರಿಸಿ ಎಂದರೆ ಅರ್ಧ ತರಗತಿ ಕಿಟಕಿಯ ಹೊರಗೆ ನೋಡುತ್ತದೆ, ಅಲ್ಲೇನಾದರೂ ಸುಳಿವು ಸಿಗಬಹುದೇನೋ ಎಂಬಂತೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯನ್ನು ಸರಿಯಾದ ಜಾಗದಲ್ಲಿ ಬರೆಯುವವರು ಬೆಂಗ್ರೆಯವರು. ಅವರು ದಿನಾ ದೋಣಿಯಲ್ಲಿ ಆ ನೀರನ್ನು ದಾಟಿಯೇ ತರಗತಿಗೆ ಬರಬೇಕು.

ನಾನು ಅರ್ಥಶಾಸ್ತ್ರ ಕಲಿಸುವವಳು. ಅದರ ಜೊತೆಗೆ 'ನಗರ ಪರಿಚಯ' ಎಂಬ ಸಣ್ಣ ಕೋರ್ಸೊಂದನ್ನು ನಡೆಸುತ್ತೇನೆ. ಸರಿಯಾಗಿ 30 ಗಂಟೆಯದ್ದು. ಮೂವತ್ತೇ ಏಕೆ ಎಂಬುದು ಕಾಲೇಜಿನ ಒಳಗಿರುವವರಿಗೆ ಗೊತ್ತು: ಅದಕ್ಕಿಂತ ಒಂದು ಗಂಟೆ ಕಡಿಮೆಯಾದರೂ ಕಾಲೇಜುಗಳನ್ನು ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡದ ಲೆಕ್ಕಕ್ಕೆ ಅದು ಸರ್ಟಿಫಿಕೇಟ್ ಕೋರ್ಸ್ ಅಲ್ಲ. ಹೀಗಾಗಿ ಕೌಶಲವೇ ಇರಲಿ, ಯೋಗವೇ ಇರಲಿ, ಬಾಳುವ ಕಲೆಯೇ ಇರಲಿ, ನಮ್ಮ ಕಾಲೇಜುಗಳಲ್ಲಿ ಎಲ್ಲವೂ ಮೂವತ್ತು ಗಂಟೆಗೆ ಮುಗಿಯುತ್ತವೆ.

ಹೊಸಬರಿಗೆ ಊರು ತೋರಿಸಬೇಕೆಂಬ ಮಾತು ನನ್ನದಲ್ಲ. ಯುಜಿಸಿ 2019ರಲ್ಲಿ ಹೊರಡಿಸಿದ 'ದೀಕ್ಷಾರಂಭ' ಮಾರ್ಗಸೂಚಿಯಲ್ಲಿ ಅದಿದೆ. ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ರೂಪಿಸಿದ ಮೂರು ವಾರಗಳ ಪ್ರವೇಶ ಕಾರ್ಯಕ್ರಮದಲ್ಲೂ ಸುತ್ತಲಿನ ಸ್ಥಳಗಳ ಭೇಟಿ ಒಂದು ಅಂಗ. ಕಾಗದದಲ್ಲಿ ಎಲ್ಲ ಸೊಗಸಾಗಿದೆ. ನಡೆಯುವುದು ಮಾತ್ರ ಹೀಗೆ: ಎರಡು ದಿನ ಭಾಷಣ, ರ‍್ಯಾಗಿಂಗ್ ವಿರುದ್ಧ ಪ್ರತಿಜ್ಞೆ, ಮೂರನೆಯ ದಿನ ಬಸ್ಸು ಮಾಡಿಕೊಂಡು ಪಿಲಿಕುಳ ನಿಸರ್ಗಧಾಮ, ಗುಂಪಿನ ಫೋಟೊ, ವರದಿ ಸಲ್ಲಿಕೆ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಪದ್ಧತಿಯನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ಅಲ್ಲಿ ಮೊದಲ ವರ್ಷದವರು ನಗರವನ್ನೇ ವಿಷಯವಾಗಿಟ್ಟುಕೊಂಡ ಒಂದು ಕೋರ್ಸನ್ನು ಆರಿಸಿಕೊಳ್ಳಬೇಕು. ಅದರಲ್ಲೊಂದು ಬಗೆಯದು ಕಾಲೇಜು ಶುರುವಾಗುವ ಮೊದಲೇ, ಇಡೀ ವಾರ ಊರೊಳಗೆ ಓಡಾಡುವುದರಿಂದ ಆರಂಭವಾಗುತ್ತದೆ. ಪಾಠ ಮಾಡುವ ತಂಡದಲ್ಲಿ ಅಧ್ಯಾಪಕರಲ್ಲದೆ ಸಿಬ್ಬಂದಿಯೊಬ್ಬರು ಮತ್ತು ಹಿರಿಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಷಿಕಾಗೋದಲ್ಲೇ ಹುಟ್ಟಿದವರಿಗೂ ಇದರಿಂದ ವಿನಾಯಿತಿ ಇಲ್ಲ ಎಂಬುದು. ನಮ್ಮಲ್ಲಿ ಊರಿನವರು ಮೊದಲ ದಿನವೇ ಬಂದು, "ಮೇಡಂ, ನಾವು ಮಂಗಳೂರಿನವರೇ, ನಮಗೆ ಬೇಕಾ?" ಎಂದು ಕೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಮೊಸ್ಕೇನಿ ಬರೆದ ಚಿತ್ರಗಳು, ಕ್ರಿ.ಶ. 968ರ ಶಾಸನವಿರುವ ಕದ್ರಿಯ ಲೋಕೇಶ್ವರ, ಸುಲ್ತಾನ್ ಬತ್ತೇರಿ, ಕುದ್ರೋಳಿ, ಇವು ಯಾವುವೂ ನನ್ನ 30 ಗಂಟೆಯಲ್ಲಿಲ್ಲ. ನೋಡಬಾರದೆಂದಲ್ಲ. ಅಪ್ಪ ಅಮ್ಮ ಬಂದಾಗ ಹೇಗೂ ಕರೆದುಕೊಂಡು ಹೋಗುತ್ತಾರೆ, ಇನ್‌ಸ್ಟಾಗ್ರಾಮ್ ತೋರಿಸುತ್ತದೆ. ಕೋರ್ಸಿನ ಅಗತ್ಯವಿರುವುದು ಯಾರೂ ತೋರಿಸದ ಜಾಗಗಳಿಗೆ. ಅವನ್ನು ಎಲ್ಲಿಂದ ಹುಡುಕಬೇಕು? ನನ್ನ ಉತ್ತರ ಇಷ್ಟೇ: ಈ ಊರಿನ ಯಾವುದನ್ನು ನೀನು ಈಗಾಗಲೇ ಬಳಸುತ್ತಿದ್ದೀಯೋ ಅದರ ಬೆನ್ನು ಹತ್ತು. ಬೆಳಗ್ಗೆ ತಿರುಗಿಸಿದ ನಲ್ಲಿ, ಹತ್ತಿದ ಬಸ್ಸು, ಮಧ್ಯಾಹ್ನದ ತಟ್ಟೆ, ತಟ್ಟೆಯಲ್ಲಿ ಉಳಿಸಿ ಎಸೆದದ್ದು.

ಬಸ್ಸಿನಿಂದ ಶುರು ಮಾಡುತ್ತೇವೆ, ಅದಕ್ಕೆ ಯಾರ ಅನುಮತಿಯೂ ಬೇಡ. ಕೆಲಸ ಸುಲಭ: ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಗೊತ್ತಿಲ್ಲದ ಯಾವುದಾದರೂ ಸಿಟಿ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಬೇಕು, ಅಲ್ಲಿ ಡ್ರೈವರ್ ಕಂಡಕ್ಟರ್ ಚಹಾ ಕುಡಿಯುವಾಗ ಮಾತನಾಡಿಸಬೇಕು, ಅದೇ ಬಸ್ಸಿನಲ್ಲಿ ವಾಪಸಾಗಬೇಕು. ಬಳ್ಳಾರಿ ಕಡೆಯ ಹುಡುಗಿಯೊಬ್ಬಳು ಹೊರಟ ಐದೇ ನಿಮಿಷಕ್ಕೆ ಇಡೀ ಗುಂಪಿಗೆ ವಿಷಯ ಒದಗಿಸಿದಳು. ಅವಳು ಅಭ್ಯಾಸಬಲದಿಂದ ಆಧಾರ್ ಕಾರ್ಡ್ ಹೊರಗೆ ತೆಗೆದಳು. ಕಂಡಕ್ಟರ್ ಅದನ್ನು ಗೌರವದಿಂದಲೇ ನೋಡಿ, "ಫೋಟೊ ಚೆನ್ನಾಗಿದೆ, ದುಡ್ಡು ಕೊಡಿ" ಎಂದ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ತನ್ನೂರಿನಲ್ಲಿ ಎರಡು ವರ್ಷ ಟಿಕೆಟ್ ಕೊಡದೆ ಕಾಲೇಜಿಗೆ ಹೋದ ಹುಡುಗಿ ಇಲ್ಲಿ ದಿನಾ ಎರಡು ಬಾರಿ ಚಿಲ್ಲರೆ ಹುಡುಕಬೇಕು. ಇದು ಏಕೆ ಹೀಗೆ ಎಂದು ಕೇಳಿಕೊಂಡು ಹೊರಟ ಆ ಗುಂಪು ಪರ್ಮಿಟ್ಟು, ಆರ್‌ಟಿಒ, ಸ್ವಾತಂತ್ರ್ಯಕ್ಕೆ ಮೊದಲೇ ಈ ಜಿಲ್ಲೆಯಲ್ಲಿ ಬೇರುಬಿಟ್ಟ ಖಾಸಗಿ ಬಸ್ ಕಂಪನಿಗಳು, ಹೀಗೆ ಎಲ್ಲೆಲ್ಲಿಗೋ ಹೋಗಿ ಬಂತು. ಸರ್ಕಾರಿ ಬಸ್ಸು ಹೆಚ್ಚಾಗಲಿ ಎಂದು ಅವಳು, ಆಗ ಐದು ನಿಮಿಷಕ್ಕೊಂದು ಬಸ್ಸು ಸಿಗುತ್ತದೆಯೇ ನೋಡೋಣ ಎಂದು ಸುರತ್ಕಲ್ಲಿನ ಹುಡುಗ. ಅವರಿಬ್ಬರ ಜಗಳ ಇನ್ನೂ ಮುಗಿದಿಲ್ಲವಂತೆ.

ಕಂಡಕ್ಟರುಗಳು ಏಕೆ ಅಷ್ಟು ಅವಸರ ಮಾಡುತ್ತಾರೆಂಬುದೂ ಕೊನೆಯ ಸ್ಟಾಪಿನ ಚಹಾದಂಗಡಿಯಲ್ಲೇ ತಿಳಿಯುವುದು. ನಿಲ್ದಾಣದಲ್ಲಿ ಟೈಮ್ ಕೀಪರ್ ಇರುತ್ತಾನೆ. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷ, ಅದನ್ನು ಮೀರಿದರೆ ಹಿಂದಿನವನ ಕಲೆಕ್ಷನ್‌ಗೆ ಕೈ ಹಾಕಿದಂತೆ. "ಪಿರ ಪೋಲೆ, ಪಿರ ಪೋಲೆ" ಎಂದು ಜನರನ್ನು ಹಿಂದಕ್ಕೆ ತಳ್ಳುತ್ತಾ, ಫುಟ್‌ಬೋರ್ಡಿನಲ್ಲಿ ಒಂದು ಕಾಲಿಟ್ಟು, ಸೀಟಿ ಊದಿ, "ರೈಟ್ ಪೋಯಿ" ಎನ್ನುವ ಮನುಷ್ಯ ಆ ಕೆಲವು ನಿಮಿಷಗಳ ಲೆಕ್ಕದಲ್ಲಿ ಬದುಕುತ್ತಿದ್ದಾನೆ. ಸ್ಪರ್ಧಾತ್ಮಕ ಮಾರುಕಟ್ಟೆಯ ಬಗ್ಗೆ ನಾನು ಬೋರ್ಡಿನ ಮೇಲೆ ಎಳೆಯುವ ಎರಡು ವಕ್ರರೇಖೆಗಳನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿದ್ದಿಲ್ಲ.

ಮೀನಿನ ಪಾಠಕ್ಕೆ ಕ್ಯಾಲೆಂಡರ್ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾಲೇಜು ಬೇಗ ಶುರುವಾದ ವರ್ಷ ನಾವು ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ, ಮೊದಲು ಹೋಗುವುದು ಅದು ಮಲಗಿರುವಾಗ. ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಬಲೆ ಹೆಣೆಯುವವರು ನೆಲದಲ್ಲಿ ಕಾಲು ಚಾಚಿ ಕುಳಿತಿರುತ್ತಾರೆ, ವಾಸನೆ ಕೂಡ ಅರ್ಧದಷ್ಟೇ. ಆಗಸ್ಟ್ ಕಳೆದ ಮೇಲೆ ಬೆಳಗಿನ ಜಾವ ಅದೇ ಜಾಗಕ್ಕೆ ಹೋದರೆ ಹುಡುಗರಿಗೆ ಗುರುತು ಸಿಗುವುದಿಲ್ಲ. ಮಂಜುಗಡ್ಡೆ ಅರೆಯುವ ಸದ್ದು, ಕ್ರೇಟುಗಳ ಎಳೆದಾಟ, ಬ್ಯಾರಿ, ತುಳು, ಮಲಯಾಳಂ, ದೋಣಿಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್, ಆಂಧ್ರದವರ ಹಿಂದಿ. ಹರಾಜು ಕೂಗುವವನು ಬಾಯಿ ತೆರೆದಂತೆಯೇ ಕಾಣುವುದಿಲ್ಲ, ಆದರೆ ಬೆಲೆ ಏರುತ್ತಲೇ ಇರುತ್ತದೆ. ಯಾರು ಕೂಗಿದರು, ಯಾರಿಗೆ ಹೋಯಿತು ಎಂದು ತಿಳಿಯುವಷ್ಟರಲ್ಲಿ ಬಂಗುಡೆಯ ರಾಶಿಯ ಮೇಲೆ ಯಾರದೋ ಚೀಟಿ ಬಿದ್ದಿರುತ್ತದೆ. ಅಲ್ಲಿ ಕೇಳಿದ ಬೆಲೆಯನ್ನು ಬರೆದಿಟ್ಟುಕೊಂಡು, ಸಂಜೆ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ಕೇಳಿ, ಆಮೇಲೆ ಹೋಟೆಲಿನ ತವಾ ಫ್ರೈಯ ದರ ನೋಡಬೇಕು. ನಡುವೆ ಎಷ್ಟು ಕೈ, ಯಾರ ಕೈಯಲ್ಲಿ ಎಷ್ಟು ಉಳಿಯಿತು ಎಂಬ ಪಟ್ಟಿ ಮಾಡಲು ಕುಳಿತರೆ ಇಡೀ ತರಗತಿ ಲೆಕ್ಕಕ್ಕೆ ಬಗ್ಗುತ್ತದೆ. ಬೂತಾಯಿಯ ಒಂದು ಭಾಗ ತಟ್ಟೆಗೆ ಬರುವುದೇ ಇಲ್ಲ, ಮೀನಿನ ಹುಡಿ ಮಾಡುವ ಕಾರ್ಖಾನೆಗಳಿಗೆ ಹೋಗುತ್ತದೆ ಎಂದು ತಿಳಿದಾಗ ಮಾಂಸ ತಿನ್ನದವರೂ ನೋಟ್‌ಬುಕ್ ತೆರೆಯುತ್ತಾರೆ.

ದಕ್ಕೆಯಿಂದ ನೋಡಿದರೆ ಎದುರಿಗೇ ಬೆಂಗ್ರೆ. ಅಲ್ಲಿಗೂ ಹೋಗೋಣವೇ ಎಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಬೆಂಗ್ರೆಯ ಹುಡುಗ ಹಿಂದಿನ ಬೆಂಚಿನಿಂದ, "ನೋಡಲು ಬರುವುದಾದರೆ ಬೇಡ ಮೇಡಂ. ಫುಟ್‌ಬಾಲ್ ಆಡಲು ಬರುವುದಾದರೆ ಬನ್ನಿ" ಎಂದ. ಹೋದೆವು, ಆಡಿದೆವು (ನಾನು ದಂಡೆಯಲ್ಲಿ ಚಪ್ಪಲಿ ಕಾದೆ), ಎಷ್ಟು ಗೋಲಿನಿಂದ ಸೋತೆವೆಂದು ಬರೆಯುವುದು ಕಾಲೇಜಿನ ಮಾನಕ್ಕೆ ಒಳ್ಳೆಯದಲ್ಲ. ಆದರೆ ಆಟ ಮುಗಿದ ಮೇಲೆ ಮರಳಿನಲ್ಲಿ ಕುಳಿತು ಅವನ ಗೆಳೆಯರು ಹೇಳಿದ ಸಂಗತಿಗಳು ಯಾವ ಸಂದರ್ಶನಕ್ಕೂ ದಕ್ಕುವಂಥವಲ್ಲ: ಕೊನೆಯ ದೋಣಿ ತಪ್ಪಿದರೆ ಏನು ಮಾಡುತ್ತಾರೆ, ರಾತ್ರಿ ಹೆರಿಗೆ ನೋವು ಬಂದರೆ ಯಾರು ದಾಟಿಸುತ್ತಾರೆ.

ಇನ್ನು ನೀರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಹಾಸ್ಟೆಲಿಗೆ ಹೊಂದುವುದಿಲ್ಲ. ಅಲ್ಲಿ ನೀರೇ ಕೋಣೆಗೆ ಬರುತ್ತದೆ. ಅದಕ್ಕೇ ನಾವು ನೀರಿಗೆ ಹೋಗುತ್ತೇವೆ. ಬಿ.ಸಿ. ರೋಡ್ ಕಡೆಗಿನ ಹೆದ್ದಾರಿಯಲ್ಲಿ, ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದಲೇ ನಗರಕ್ಕೆ ನೀರು. ಮಳೆಗಾಲದಲ್ಲಿ ಅಲ್ಲಿ ನಿಂತರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಕೋಲಾರದ ಹುಡುಗಿ ಬಹಳ ಹೊತ್ತು ಕಂಬಿ ಹಿಡಿದು ನೋಡಿ, "ಇದೆಲ್ಲ ಸಮುದ್ರಕ್ಕೆ ಹೋಗುತ್ತದಾ?" ಎಂದಳು. ಅವಳ ಊರಿನಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅವಳ ಪ್ರಶ್ನೆಯಲ್ಲಿ ಕವಿತೆ ಇರಲಿಲ್ಲ, ಸಿಟ್ಟಿತ್ತು. "ಏಪ್ರಿಲ್‌ನಲ್ಲಿ ಬಂದು ನೋಡು, ಇಲ್ಲಿ ಬಂಡೆ ಕಾಣುತ್ತದೆ" ಎಂದ ಬಂಟ್ವಾಳದವನು.

ಅಲ್ಲಿಂದ ಮಾತು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಸಕಲೇಶಪುರದ ಬೆಟ್ಟಗಳಲ್ಲಿ ಹುಟ್ಟುವ ಎತ್ತಿನಹೊಳೆ ಪಶ್ಚಿಮಕ್ಕೆ ಇಳಿದು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಅದನ್ನು ಘಟ್ಟದ ಮೇಲೆಯೇ ತಡೆದು, ಸುಮಾರು 24 ಟಿಎಂಸಿ ನೀರನ್ನು ಪೂರ್ವಕ್ಕೆ, ಕೋಲಾರ ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕರಾವಳಿಯಲ್ಲಿ ಅದರ ವಿರುದ್ಧ ಬಂದ್ ನಡೆದಿದೆ, ಮೆರವಣಿಗೆ ನಡೆದಿದೆ. ಕೋಲಾರದಲ್ಲಿ ನೀರಿಗಾಗಿ ನಡೆದ ಮೆರವಣಿಗೆಗಳನ್ನು ಇಲ್ಲಿಯವರು ನೋಡಿಲ್ಲ, ಅಷ್ಟೇ. ಬಂಟ್ವಾಳದ ಹುಡುಗನಿಗೆ 2019ರ ಬೇಸಿಗೆ ನೆನಪಿದೆ, ನಗರದಲ್ಲಿ ಸರದಿಯಂತೆ ನೀರು ಬಿಟ್ಟ ವರ್ಷ ಅದು. ಬೆಂಗ್ರೆಯವನು ಇನ್ನೊಂದು ಕಡೆಯಿಂದ ಬಂದ: ನದಿ ಕಡಲಿಗೆ ಹೋಗುವುದು ವ್ಯರ್ಥವಲ್ಲ, ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಮೇಲೇರುತ್ತದೆ, ಅಳಿವೆಯಲ್ಲಿ ಮರಿಯಾಗುವ ಮೀನಿಗೆ ಏನಾಗಬೇಕು? ಕೋಲಾರದವಳು, "ಮೀನಿಗೆ ನೀರು ಬೇಕು, ನಮ್ಮಜ್ಜಿಗೆ ಬೇಡವಾ?" ಎಂದಳು. ಯಾರೂ ನಗಲಿಲ್ಲ.

ಈ ಯೋಜನೆಯ ಬಗ್ಗೆ ನನಗೆ ನನ್ನದೇ ಖಚಿತ ಅಭಿಪ್ರಾಯವಿದೆ. ಅದನ್ನು ಅಲ್ಲಿ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಆದರೆ ಆ ಮಾತುಕತೆ ಊರಿನವರು ಮಾತ್ರ ಇದ್ದಿದ್ದರೆ ಘೋಷಣೆಯಾಗುತ್ತಿತ್ತು, ಹೊರಗಿನವರು ಮಾತ್ರ ಇದ್ದಿದ್ದರೆ ಪ್ರವಾಸವಾಗುತ್ತಿತ್ತು. ಕೋರ್ಸನ್ನು ಹೊಸಬರಿಗಷ್ಟೇ ಸೀಮಿತಗೊಳಿಸಿ, ಸ್ಥಳೀಯರಿಗೆ ಆ ಹೊತ್ತಿನಲ್ಲಿ ಟ್ಯಾಲಿ ಕಲಿಸಿ ಎಂದು ಸ್ಟಾಫ್ ರೂಮಿನಲ್ಲಿ ಸಲಹೆ ಬಂದಾಗಲೆಲ್ಲ ನಾನು ಜಗಳ ಕಾಯುವುದು ಇದಕ್ಕೇ.

ನೀರು ಬಂದದ್ದು ಎಲ್ಲಿಂದ ಎಂದು ನೋಡಿದ ಮೇಲೆ ಕಸ ಹೋಗುವುದು ಎಲ್ಲಿಗೆ ಎಂದು ನೋಡಬೇಕಲ್ಲ. ನಗರದ ಕಸವನ್ನು ವರ್ಷಗಟ್ಟಲೆ ಸುರಿದದ್ದು ಪಚ್ಚನಾಡಿಯಲ್ಲಿ. 2019ರ ಆಗಸ್ಟ್ ಮಳೆಗೆ ಆ ರಾಶಿಯೇ ಜಾರಿ ಕೆಳಗಿನ ಮಂದಾರ ಎಂಬಲ್ಲಿಗೆ ನುಗ್ಗಿತು. ಅಡಿಕೆ, ತೆಂಗಿನ ತೋಟಗಳು, ಮನೆಗಳು ಕಸದಡಿ ಸೇರಿದವು. ಕುಟುಂಬಗಳು ಊರು ಬಿಡಬೇಕಾಯಿತು. ಮಣ್ಣು ಕುಸಿಯುವುದು ಕರಾವಳಿಗೆ ಗೊತ್ತು, ಕಸ ಕುಸಿಯುವುದು ಗೊತ್ತಿರಲಿಲ್ಲ. ಅಲ್ಲಿಗೆ ಹೋಗುವಾಗ ನಮ್ಮದೊಂದು ನಿಯಮ: ಫೋಟೊ ಇಲ್ಲ. ಹೋಗುವ ಮೊದಲ ವಾರ ಪ್ರತಿಯೊಬ್ಬರೂ ತಮ್ಮ ಒಂದು ದಿನದ ಕಸವನ್ನು ತೂಗಿ ಬರೆದಿರಬೇಕು. ಅಲ್ಲಿ ಒಬ್ಬ ಹಿರಿಯರು ಎದುರಾಗಿ, "ಬರೆದುಕೊಂಡು ಏನು ಮಾಡುತ್ತೀರಿ?" ಎಂದು ಕೇಳಿದರು. ನನ್ನ ವಿದ್ಯಾರ್ಥಿಗಳು ನನ್ನ ಮುಖ ನೋಡಿದರು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದೆ. ಅವರು, "ಕುಡಿಯಿರಿ, ಬಿಸಿಲಿದೆ" ಎಂದು ತಮ್ಮ ದಾರಿ ಹಿಡಿದರು.

ಇದೆಲ್ಲಕ್ಕಿಂತ ಕಷ್ಟದ್ದು ಬೇರೆಯೇ ಇದೆ. ಈ ಊರಿನ ಪ್ರತಿ ಮನೆಯಲ್ಲೂ ಒಂದು ಬರೆಯದ ನಕ್ಷೆ ಇದೆ: ಆ ಕಡೆ ಹೋಗಬೇಡ, ಆ ಬೀದಿ ನಮ್ಮವರದ್ದಲ್ಲ, ಅವರ ಜೊತೆ ಕಾಣಿಸಿಕೊಳ್ಳಬೇಡ. ಬಂದರಿನಲ್ಲಿ ಸಗಟು ಅಂಗಡಿಗಳ ನಡುವೆ ನಡೆದು ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಹಡಗುಗಳಿಗೆ ಸರಕು ತುಂಬುವುದನ್ನು ನೋಡೋಣವೆಂದರೆ ಇಲ್ಲೇ ಹುಟ್ಟಿದ ಹುಡುಗಿ, "ಅಲ್ಲಿಗೆ ನಾವು ಹೋಗುವುದಿಲ್ಲ" ಎನ್ನುತ್ತಾಳೆ. ದೇವಸ್ಥಾನವಿರುವ ರಥಬೀದಿಯ ಬಗ್ಗೆ ಇನ್ನೊಬ್ಬಳು ಅದೇ ಮಾತು ಹೇಳುತ್ತಾಳೆ. 2009ರ ಜನವರಿಯಲ್ಲಿ ಇಲ್ಲಿನ ಪಬ್ಬೊಂದರಲ್ಲಿ ಹುಡುಗಿಯರ ಮೇಲಾದ ಹಲ್ಲೆಯನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ನನ್ನ ವಿದ್ಯಾರ್ಥಿಗಳು ಆಗ ಅಂಬೆಗಾಲಿಡುವ ವಯಸ್ಸಿನವರು, ಅವರ ತಾಯಂದಿರು ಮರೆತಿಲ್ಲ. ಹುಡುಗರು ಹುಡುಗಿಯರು, ಬೇರೆ ಬೇರೆ ಧರ್ಮದವರು ಒಟ್ಟಿಗೆ ತಿರುಗಾಡಿದರೆ ಯಾರೋ ಬೈಕ್ ನಿಲ್ಲಿಸಿ ಹೆಸರು ಕೇಳಬಹುದು ಎಂಬ ಭಯ ಅವರ ಕಲ್ಪನೆಯಲ್ಲ. ಹಾಗಾಗಿ ಗುಂಪುಗಳನ್ನು ಚೀಟಿ ಎತ್ತಿ ಮಾಡುತ್ತೇನೆ, ಯಾರು ಯಾರ ಜೊತೆ ಎಂಬುದು ನನ್ನ ಆಯ್ಕೆಯೂ ಅಲ್ಲ, ಅವರದ್ದೂ ಅಲ್ಲ. ಪ್ರತಿ ಗುಂಪಿನ ಬಳಿ ಪ್ರಾಂಶುಪಾಲರ ಮೊಹರಿರುವ ಪತ್ರ ಇರುತ್ತದೆ, ಕೊರಳಲ್ಲಿ ಗುರುತಿನ ಚೀಟಿ, ಸಂಜೆ ಆರರೊಳಗೆ ವಾಪಸು. ತಮ್ಮದೇ ಊರಿನಲ್ಲಿ ನಡೆಯಲು ಹದಿನೆಂಟು ತುಂಬಿದವರಿಗೆ ಮೊಹರು ಬೇಕೆಂಬುದು ನನಗೆ ನಾಚಿಕೆಯ ವಿಷಯ. ಆದರೂ ಮೊಹರು ಹಾಕಿಸುತ್ತೇನೆ.

ಪರೀಕ್ಷೆ ಇಲ್ಲ. ಬದಲಿಗೆ ಪ್ರತಿ ಗುಂಪೂ ತಾನು ಕಂಡದ್ದರ ಬಗ್ಗೆ ಒಂದು ಮಾಹಿತಿ ಹಕ್ಕು ಅರ್ಜಿ ಬರೆಯಬೇಕು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಎಂದರೇನು ಎಂದು ತಿಳಿಯಲೇ ಅವರಿಗೆ ಒಂದು ಮಧ್ಯಾಹ್ನ ಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಹತ್ತು ಪುಟ ಪ್ರಬಂಧವನ್ನು ಒಂದೇ ರಾತ್ರಿಯಲ್ಲಿ ಇಳಿಸಿ ಕೊಡುವವರು ಈ 150 ಪದಕ್ಕೆ ವಾರ ತೆಗೆದುಕೊಳ್ಳುತ್ತಾರೆ. ಏಕೆಂದರೆ 'ಅಭಿವೃದ್ಧಿ', 'ಜಾಗೃತಿ', 'ಪರಿಸರ' ಎಂಬ ಪದಗಳನ್ನು ಹಾಕಿದರೆ ಉತ್ತರ ಬರುವುದಿಲ್ಲ. ಯಾವ ವಾರ್ಡು, ಯಾವ ವರ್ಷ, ಎಷ್ಟು ಟನ್ನು ಎಂದು ಕೇಳಬೇಕು. ಉತ್ತರಕ್ಕೆ 30 ದಿನಗಳ ಗಡುವು. ಕೆಲವು ಬರುತ್ತವೆ, ಕೆಲವು 'ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ' ಎಂದು ಬರುತ್ತವೆ, ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಎರಡನೆಯ ವರ್ಷದಲ್ಲಿ ಇನ್ನೂ ಮೇಲ್ಮನವಿ ಬರೆಯುತ್ತಿರುವ ಗುಂಪೊಂದಿದೆ. ಅದಕ್ಕೆ ಅಂಕ ಕೊಡುವ ಕಾಲಂ ನಮ್ಮ ತಂತ್ರಾಂಶದಲ್ಲಿಲ್ಲ.

ಉಡುಪಿಯ ಕಾಲೇಜೊಂದರಲ್ಲಿ ಕಲಿಸುವ ಗೆಳತಿ ಈ ವರ್ಷ ತಾನೂ ಶುರು ಮಾಡುತ್ತೇನೆಂದು ನನ್ನ ಪಠ್ಯಕ್ರಮ ಕೇಳಿದಳು. ಕೊಡಲಿಲ್ಲ, ಮಂಗಳೂರಿನದ್ದು ಅಲ್ಲಿ ನಡೆಯುವುದಿಲ್ಲ. ಮಲ್ಪೆ ಬಂದರು ಹೇಗೂ ಇದೆ, ಆದರೆ ಅದಕ್ಕಿಂತ ಮೊದಲು ದಿನದ ಉಳಿತಾಯವನ್ನು ಬಾಗಿಲಿಗೆ ಬಂದು ಒಯ್ಯುವ ಪಿಗ್ಮಿ ಸಂಗ್ರಾಹಕನ ಬೆನ್ನು ಹತ್ತು ಎಂದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಶುರು ಮಾಡಿತು. 2020ರಲ್ಲಿ ಆ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಣ ಕಟ್ಟುತ್ತಿದ್ದ ಅಂಗಡಿಗಳವರು ಈಗ ಏನು ಮಾಡುತ್ತಾರೆ ಎಂದು ಬೀದಿ ಹಿಡಿದು ಕೇಳಿಕೊಂಡು ಹೋದರೆ ಒಂದು ಸೆಮಿಸ್ಟರ್ ಸಾಲದು. ಅವಳಿಗೆ ಹಿಡಿಸಿತು. ಉಡುಪಿಯ ರಥಬೀದಿಯನ್ನು ಮಾತ್ರ ಕೊನೆಗಿಟ್ಟುಕೊಳ್ಳುತ್ತಾಳಂತೆ. ಸದ್ಯಕ್ಕೆ ಅವಳ ತೊಡಕು ವೇಳಾಪಟ್ಟಿಯದ್ದು: ಶನಿವಾರ ಮಧ್ಯಾಹ್ನವನ್ನು ಎನ್ನೆಸ್ಸೆಸ್‌ನವರು ಬಿಟ್ಟುಕೊಡುತ್ತಿಲ್ಲ, ಸೋಮವಾರ ಬೆಳಗ್ಗೆ ಎಂಟಕ್ಕೆ ಯಾವ ಅಂಗಡಿಯೂ ಬಾಗಿಲು ತೆರೆದಿರುವುದಿಲ್ಲ.